ಖಾಲಿ ಮಿಷೀನಿನ ಜಪ

ಚಿಕ್ಕಲಸಂದ್ರ, ಬೆಂಗಳೂರು – ೬೧
೨೦ ಜುಲೈ ೨೦೨೫, ಭಾನುವಾರ

ಪ್ರೀತಿಯ ಸೇತು,

ಭಾವನ ಆಶೀರ್ವಾದ. ಅಕ್ಷರ ನೋಡಿದ ಕೂಡಲೇ ಯಾರದೆಂದು ನಿನಗೆ ತಿಳಿದಿರುತ್ತದೆ. ಏಳು ವರ್ಷ ನನ್ನ ಲ್ಯಾಬ್ ನೋಟ್‌ಬುಕ್ ಓದಿ ಓದಿ, "ಭಾವ, ಇದು ಅಕ್ಷರಾನೋ ಕಾಗೆ ಕಾಲೋ?" ಎಂದು ರೇಗಿಸಿದವನಲ್ಲವೇ ನೀನು? ಹರಿದು ಬಿಸಾಡಬೇಕೆನ್ನಿಸಿದರೆ ಬಿಸಾಡು, ಆದರೆ ಓದಿ ಬಿಸಾಡು. ನಿನ್ನ ಆರೋಗ್ಯ ಹೇಗಿದೆ? ಸಕ್ಕರೆ ಕಾಯಿಲೆ ಶುರುವಾಗಿದೆಯೆಂದು ಅಕ್ಕನಿಗೆ ಹೇಳಿದ್ದೆಯಂತೆ. ಮುದ್ದೆ ತಿನ್ನು, ಬೆಳಿಗ್ಗೆ ನಡಿ, ಶೈಲಶ್ರೀ ಕಣ್ತಪ್ಪಿಸಿ ಮೈಸೂರುಪಾಕಿನ ಡಬ್ಬಿಗೆ ಕೈ ಹಾಕುವುದನ್ನು ಬಿಡು; ಆ ಚಾಳಿ ನಿನಗೆ ಹುಟ್ಟಿನಿಂದ ಬಂದದ್ದು. ನನ್ನ ಮಂಡಿ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ಪಂಕಜಾಗೆ ಬಿಪಿ ಇದೆ, ಮಾತ್ರೆಯಲ್ಲಿ ಹತೋಟಿಗೆ ಬಂದಿದೆ. ನೀನು ಅವಳಿಗೆ ಭಾನುವಾರ ಬೆಳಿಗ್ಗೆ ಏಳೂವರೆಗೇ ಫೋನ್ ಮಾಡುವುದು ಏಕೆಂದು ನನಗೆ ಗೊತ್ತು. ಆಗ ನಾನು ಪಾರ್ಕಿನಲ್ಲಿರುತ್ತೇನೆ. ನಿನಗೆ ಗೊತ್ತಿಲ್ಲದ್ದು ಏನೆಂದರೆ, ನನ್ನ ವಾಕಿಂಗ್ ಇಪ್ಪತ್ತು ನಿಮಿಷಕ್ಕೆ ಮುಗಿದುಹೋಗುತ್ತದೆ. ಅಕ್ಕ ತಮ್ಮ ಮನಸಾರೆ ಮಾತಾಡಿಕೊಳ್ಳಲಿ ಎಂದು ಎಂಟೂವರೆಯವರೆಗೆ ಅಲ್ಲೇ ಬೆಂಚಿನ ಮೇಲೆ ಕೂತಿರುತ್ತೇನೆ. ಎದುರಿಗೆ ಹತ್ತು ಹನ್ನೆರಡು ಜನ ನಿವೃತ್ತರು ಗುಂಪಾಗಿ ನಿಂತು ಆರೋಗ್ಯಕ್ಕೆಂದು ಹೊಹ್ಹೊಹ್ಹೋ ಎಂದು ನಗುತ್ತಿರುತ್ತಾರೆ. ನನ್ನನ್ನೂ ಕರೆದರು. ನನಗೆ ನಗು ಬರಲಿಲ್ಲ, ಬೆಂಚಿಗೇ ವಾಪಸ್ ಬಂದುಬಿಟ್ಟೆ.

ತನ್ಮಯಿಯ ಮದುವೆಯ ಕರೆಯೋಲೆ ಮಂಗಳವಾರ ಬಂತು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದೀರಿ, ಬಹಳ ಲಕ್ಷಣವಾಗಿದೆ. ನನ್ನ ಹೆಗಲ ಮೇಲೆ ಕೂತು ಕೂದಲು ಜಗ್ಗುತ್ತಿದ್ದ ಕೂಸು ಮದುವಣಗಿತ್ತಿಯಾಗುತ್ತಿದ್ದಾಳೆ, ನಂಬಲಿಕ್ಕೇ ಆಗುವುದಿಲ್ಲ. ಕವರಿನ ಮೇಲೆ ನಿನ್ನ ಮುತ್ತಿನಂಥ ಅಕ್ಷರದಲ್ಲಿ "ಸೌ. ಪಂಕಜಾ ಅವರಿಗೆ" ಎಂದಿತ್ತು. ದಂಪತಿಗಳಿಗೆ ಎಂದಿರಲಿಲ್ಲ. ನಾನು ಟೆಸ್ಟಿಂಗಿನವನು, ಅಭ್ಯಾಸ ಬಿಡುವುದಿಲ್ಲ. ಕವರನ್ನು ತಿರುಗಿಸಿ ಹಿಂದೆ ಏನಾದರೂ ಬರೆದಿದ್ದೀಯೋ ಎಂದು ನೋಡಿದೆ, ಒಳಗೆ ಚೀಟಿಯೇನಾದರೂ ಇದೆಯೋ ಎಂದು ಒದರಿಯೂ ನೋಡಿದೆ. ಇರಲಿಲ್ಲ. ನೀನು ಮರೆತವನಲ್ಲ, ಬೇಕೆಂದೇ ಬಿಟ್ಟವನು. ಪಂಕಜಾ ಅದನ್ನು ದೇವರ ಮುಂದಿಟ್ಟು, ಸೊಪ್ಪು ಬಿಡಿಸುತ್ತಾ ಕೂತವಳು ತಲೆ ಎತ್ತದೆ ಹೇಳಿದಳು: "ನೀವಿಲ್ದೆ ನಾನು ಹೋಗಲ್ಲ. ಹೋದ್ರೆ ಇಬ್ರೂ ಹೋಗೋಣ, ಇಲ್ದಿದ್ರೆ ಇಬ್ರೂ ಬೇಡ." ಇರುವವಳು ಒಬ್ಬಳೇ ಸೋದರತ್ತೆ, ಅವಳೇ ಇಲ್ಲದೆ ಆ ಹುಡುಗಿಯ ಮದುವೆ! ನನ್ನಿಂದಾಗಿ ಹಾಗಾಗಬಾರದು. ಈ ಪತ್ರ ಅದಕ್ಕೇ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ ಎಂದು ನೀನೇ ಅನ್ನುತ್ತಿದ್ದೆ, ಆದರೂ ಸ್ವಲ್ಪ ಸುತ್ತಿ ಬಳಸುತ್ತೇನೆ, ತಡೆದುಕೋ.

ನಮ್ಮ ಮದುವೆಯಾದ ಎರಡನೇ ವರ್ಷ ನೀನು ಕೈಯಲ್ಲಿ ತಗಡಿನ ಟ್ರಂಕು ಹಿಡಿದು ಇಂಜಿನಿಯರಿಂಗ್ ಓದಲು ಬಂದದ್ದು ನೆನಪಿದೆಯೇ? ಆಗ ಚಿಕ್ಕಲಸಂದ್ರಕ್ಕೆ ಸರಿಯಾದ ಬಸ್ಸೇ ಇರಲಿಲ್ಲ. ಬನಶಂಕರಿಯಲ್ಲಿ ಇಳಿದು, ಆ ಟ್ರಂಕನ್ನು ಇಬ್ಬರೂ ಆ ಕಿವಿ ಈ ಕಿವಿ ಹಿಡಿದುಕೊಂಡು, ರಾಗಿ ಹೊಲದ ಬದುವಿನ ಮೇಲೆ ನಡೆದುಬಂದೆವು. "ಭಾವ, ಇದು ಬೆಂಗ್ಳೂರಾ? ನಮ್ಮೂರೇ ವಾಸಿ" ಎಂದೆ. ಈಗ ಬಂದರೆ ಹೊಲ ಹೋಗಲಿ, ಕಾಲಿಡಲು ಜಾಗ ಇಲ್ಲ. ನಮ್ಮ ಮನೆಯೆದುರು ಐದಂತಸ್ತಿನ ಕಟ್ಟಡ ಎದ್ದು ನಿಂತು, ಪಂಕಜಾಳ ಹಪ್ಪಳಕ್ಕೆ ಬಿಸಿಲೇ ಬೀಳುವುದಿಲ್ಲ. ಆಗ ಎರಡೇ ಕೋಣೆಯ ಮನೆ, ಅಮ್ಮ, ನಾನು, ಪಂಕಜಾ, ಆಮೇಲೆ ತೊಟ್ಟಿಲಲ್ಲಿ ಇಂಚರ, ನಡುಮನೆಯಲ್ಲಿ ನೀನು. ನನ್ನ ಅಮ್ಮನನ್ನು ನೀನೂ ಅಮ್ಮ ಎಂದೇ ಕರೆದೆ. ನಾಗಲಕ್ಷ್ಮಮ್ಮನವರಿಗೆ ಇಬ್ಬರು ಗಂಡುಮಕ್ಕಳು ಎಂದೇ ಬೀದಿಯವರು ತಿಳಿದಿದ್ದರು. ನೀನು ಓದು ಮುಗಿಸಿ, ಅಲ್ಲಿ ಇಲ್ಲಿ ಕೆಲಸ ಮಾಡಿ, ಮದುವೆಯಾಗಿ ಸುಬ್ರಹ್ಮಣ್ಯಪುರದಲ್ಲಿ ಬಾಡಿಗೆ ಮನೆ ಹಿಡಿದ ಮೇಲೂ ದಿನಕ್ಕೊಂದು ಸಲ ಅಮ್ಮನ ಮುಂದೆ ಹಾಜರಿ ಹಾಕದೆ ಹೋದವನಲ್ಲ.

ಜಯನಗರದಲ್ಲಿ ಸ್ಟೇಷನರಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಕೈಲಾಸ್ ತನ್ನ ಪುಟ್ಟ ನೆಟ್‌ವರ್ಕ್ ಕಂಪನಿ ಶುರು ಮಾಡಿದಾಗ ನನ್ನನ್ನು ಟೆಸ್ಟಿಂಗಿಗೆ ಕರೆದ, ನಾನು ನಿನ್ನನ್ನು ಎಳೆದುಕೊಂಡು ಹೋದೆ. ನನ್ನ ಹಳೇ ಸ್ಕೂಟರಿನ ಹಿಂದಿನ ಸೀಟಿನಲ್ಲಿ ದೊಡ್ಡ ಮಾನಿಟರನ್ನು ಬಾಣಂತಿ ಮಗುವನ್ನು ಹಿಡಿದಂತೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆಯಲ್ಲ, ಹಂಪ್ ಬಂದಾಗಲೆಲ್ಲ "ಭಾವ, ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದೆ. ನಾವು ಮಾಡುತ್ತಿದ್ದುದು ಏನು ಮಹಾ? ಒಂದು ಪೆಟ್ಟಿಗೆ. ಒಳಗೆ ಸಾಧಾರಣ ಕಂಪ್ಯೂಟರೇ. ಈ ಕಡೆಯ ತಂತಿಯಿಂದ ಬಂದ ಮಾಹಿತಿಯ ಕಟ್ಟುಗಳನ್ನು, ಅಂದರೆ ಪ್ಯಾಕೆಟ್ಟುಗಳನ್ನು, ವಿಳಾಸ ನೋಡಿ ಆ ಕಡೆಯ ತಂತಿಗೆ ದಾಟಿಸುವುದು ಅದರ ಕೆಲಸ. ದಾಟಿಸುವ ಪ್ರೋಗ್ರಾಂ ನಿನ್ನದು, ಅದು ಎಷ್ಟು ತಾಳುತ್ತದೆ ಎಂದು ಅಳೆಯುವುದು ನನ್ನದು. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ, ಶೈಲಶ್ರೀ ಓದಿದರೆ ಅವಳಿಗೂ ಅರ್ಥವಾಗಲಿ ಎಂದು. ಪ್ಯಾಕೆಟ್ಟು ದಾಟಿದ್ದು ಎಷ್ಟು ಎಂದು ಎಣಿಸುವುದು ಸುಲಭ. ದಾಟಿಸುವಾಗ ಪ್ರೊಸೆಸರಿಗೆ, ಅಂದರೆ ಮಿಷೀನಿನ ಮಿದುಳಿಗೆ, ಎಷ್ಟು ಏದುಸಿರು ಬಂತು, ಇನ್ನೆಷ್ಟು ತ್ರಾಣ ಉಳಿದಿತ್ತು ಎಂದು ಅಳೆಯುವುದೇ ಕಷ್ಟ. ಮಿಷೀನನ್ನೇ ಕೇಳಿದರೆ ಅದು ಸೆಕೆಂಡಿಗೆ ನೂರು ಸಲ ಇಣುಕಿ ನೋಡಿ, ಇಣುಕಿದಾಗ ಕಂಡದ್ದನ್ನಷ್ಟೇ ಹೇಳುತ್ತದೆ. ಪ್ಯಾಕೆಟ್ಟಿನ ಕೆಲಸವೋ, ಎರಡು ಇಣುಕಿನ ನಡುವೆ ಬಂದು ಮುಗಿದುಹೋಗಿರುತ್ತದೆ. "ಅಯ್ಯೋ, ನಂಗೇನು ಕೆಲಸವೇ ಇಲ್ಲ" ಎಂದು ಮಿಷೀನು ಸುಳ್ಳು ಹೇಳುತ್ತಿತ್ತು, ನಾನು ತಲೆ ಚಚ್ಚಿಕೊಳ್ಳುತ್ತಿದ್ದೆ.

ಅದಕ್ಕೆ ಉಪಾಯ ಹೇಳಿದವನು ನೀನು, ನಮ್ಮ ಮನೆಯ ನಡುಮನೆಯಲ್ಲಿ, ಅವಲಕ್ಕಿ ತಿನ್ನುತ್ತಾ. ಅಮ್ಮ ಕಂಬಕ್ಕೊರಗಿ ತುಳಸಿಮಾಲೆ ಹಿಡಿದು ಕೂತಿದ್ದಳು. ಯಾರಾದರೂ ಕರೆದರೆ ಮಾಲೆಯನ್ನು ಮಡಿಲಲ್ಲಿಟ್ಟು ಏಳುವಳು, ಮಗು ಅತ್ತರೆ ಏಳುವಳು, ಹಾಲು ಉಕ್ಕಿದರೆ ಏಳುವಳು, ಬಿಡುವಾದ ಕೂಡಲೇ ಮತ್ತೆ ಮಣಿ ಎಣಿಸುವಳು. ಸಂಜೆ ದೀಪ ಹಚ್ಚುವಾಗ, "ಇವತ್ತು ಐದೇ ಮಾಲೆ ಕಣ್ರೋ, ಒಂದೇ ಸಮ ಕೆಲಸ" ಎಂದೋ, "ಇವತ್ತು ಹನ್ನೆರಡಾಯ್ತು" ಎಂದೋ ಹೇಳುವಳು. ನೀನು ತುತ್ತನ್ನು ಅರ್ಧಕ್ಕೇ ನಿಲ್ಲಿಸಿದೆ. "ಭಾವ, ಅಮ್ಮ ಎಷ್ಟು ಕೆಲಸ ಮಾಡಿದ್ರು ಅಂತ ಕೇಳೋದೇ ಬೇಡ. ಜಪ ಎಷ್ಟಾಯ್ತು ಕೇಳಿದ್ರೆ ಸಾಕು, ಕೆಲಸ ಎಷ್ಟಿತ್ತು ಅಂತ ತಾನಾಗೇ ಗೊತ್ತಾಗುತ್ತೆ!" ಎರಡೇ ದಿನದಲ್ಲಿ ನೀನು ಪುಟ್ಟದೊಂದು ಪ್ರೋಗ್ರಾಂ ಬರೆದೆ. ಬೇರೆ ಯಾರಿಗೂ ಪ್ರೊಸೆಸರ್ ಬೇಡವಾದಾಗ ಮಾತ್ರ ಅದು ಒಂದು, ಎರಡು, ಮೂರು ಎಂದು ಎಣಿಸುತ್ತಾ ಕೂರುತ್ತದೆ. ಯಾರೇ ಕರೆದರೂ ತೆಪ್ಪಗೆ ಎದ್ದು ಜಾಗ ಬಿಡುತ್ತದೆ. ಅದಕ್ಕೆ "ಜಪ" ಎಂದು ಹೆಸರಿಟ್ಟೆ. ಆದರೆ ಹೋಲಿಸಿ ನೋಡಲು ಪೂರ್ತಿ ಬಿಡುವಿನ ದಿನದ ಎಣಿಕೆ ಎಷ್ಟೆಂದು ಮೊದಲು ಗೊತ್ತಿರಬೇಕಲ್ಲ. ಅಮ್ಮನಿಗೆ ಅದು ಏಕಾದಶಿ, ಒಲೆ ಹಚ್ಚದ ದಿನ. ಅಂದು ಇಪ್ಪತ್ತು ಮಾಲೆ. "ಮಿಷೀನಿಗೂ ಒಂದು ಏಕಾದಶಿ ಬೇಕು ಭಾವ" ಎಂದು ನೀನು ನಕ್ಕದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅಷ್ಟು ಖುಷಿಯಾಗಿ ನಾವಿಬ್ಬರೂ ಕೆಲಸ ಮಾಡಿದ ದಿನಗಳು ಆಮೇಲೆ ನನಗೆ ಸಿಗಲಿಲ್ಲ. ನಿನಗೆ ಸಿಕ್ಕವೋ ಏನೋ, ಸಿಕ್ಕಿದ್ದರೆ ಸಂತೋಷ.

ಆ ವರ್ಷ, ಎರಡು ಸಾವಿರದ ಆರು, ಒಂದು ಖಾಸಗಿ ಬಸ್ ಸಂಸ್ಥೆ ತನ್ನ ಟಿಕೆಟ್ ಕೌಂಟರುಗಳಿಗೆಲ್ಲ ನಮ್ಮ ಪೆಟ್ಟಿಗೆ ಬೇಕೆಂದು ಕೇಳಿತು. ಹೊಸ ಮಿಷೀನು ಬಂತು, ಅದರ ಖಾಲಿ ಎಣಿಕೆಯನ್ನು ನಾನು ತೆಗೆಯಬೇಕಿತ್ತು. ಲ್ಯಾಬಿನಲ್ಲಿ ಯಾವಾಗ ನೋಡಿದರೂ ಯಾರಾದರೊಬ್ಬರು ಆ ಮಿಷೀನಿನ ಮೇಲೆ ಏನಾದರೊಂದು ಮಾಡುತ್ತಿರುತ್ತಿದ್ದರು. ಮಿಷೀನು ಪೂರ್ತಿ ಖಾಲಿ ಸಿಗುವ ದಿನ ಯಾವುದು? ಆಯುಧಪೂಜೆ! ಅಂದು ಯಾರೂ ಆಯುಧ ಮುಟ್ಟುವಂತಿಲ್ಲ. ಬಾಗಿಲಿಗೆ ಬಾಳೆಕಂದು ಕಟ್ಟಿ, ಮಿಷೀನುಗಳಿಗೆಲ್ಲ ಕುಂಕುಮ ಇಟ್ಟು ಚೆಂಡುಹೂವಿನ ಹಾರ ಹಾಕಿ, ಕೈಲಾಸ್ ಬೂದುಗುಂಬಳ ಒಡೆದ. ಕಡ್ಲೆಪುರಿ ಪೊಟ್ಟಣ ಹಿಡಿದು ಎಲ್ಲರೂ ಮಧ್ಯಾಹ್ನಕ್ಕೇ ಮನೆಗೆ ಹೊರಟರು. ನಾನು ನನ್ನ ಮೇಜಿನಿಂದಲೇ, ಮಿಷೀನಿನ ಹತ್ತಿರವೂ ಸುಳಿಯದೆ, ನೆಟ್‌ವರ್ಕಿನ ಮೂಲಕ "ಜಪ"ವನ್ನು ಕೂರಿಸಿ, ಹೊರಡುವಾಗ ಎಣಿಕೆ ಬರೆದುಕೊಂಡು ಬಂದೆ. ಎಷ್ಟು ಜಾಣತನ ಮಾಡಿದೆ ಎಂದು ದಾರಿಯುದ್ದಕ್ಕೂ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆ ಎಣಿಕೆಯ ಮೇಲೆ ನಿಂತು ಮುಂದಿನ ವಾರ ಪೂರ್ತಿ ಪರೀಕ್ಷೆ ಮಾಡಿ ರಿಪೋರ್ಟು ಕೊಟ್ಟೆ: ಇಡೀ ಹೊರೆ ಹೊರಿಸಿದಾಗಲೂ ಪ್ರೊಸೆಸರಿಗೆ ನೂರಕ್ಕೆ ಅರವತ್ತರಷ್ಟೇ ಕೆಲಸ, ನಲವತ್ತು ಬಿಡುವು.

ದೀಪಾವಳಿಯ ನೂಕುನುಗ್ಗಲಿಗೆ ಪೆಟ್ಟಿಗೆಗಳು ಒಂದಾದ ಮೇಲೊಂದು ಕಣ್ಣುಮುಚ್ಚಿದವು. ಊರಿಗೆ ಹೊರಟವರು ಮಕ್ಕಳುಮರಿ ಕಟ್ಟಿಕೊಂಡು ಕೌಂಟರಿನ ಮುಂದೆ ನಿಂತಿದ್ದರು, ಟಿಕೆಟ್ಟೇ ಬರಲಿಲ್ಲ. ಹಬ್ಬ ಮುಗಿದ ಮೇಲೆ ಮೀಟಿಂಗು. ನೀನು ಒಂದೇ ಮಾತು ಹಿಡಿದು ಕೂತೆ: "ಪ್ರೊಸೆಸರ್‌ಗೆ ಉಸಿರಾಡೋಕೆ ಜಾಗ ಇಲ್ಲ, ಹೊರೆ ಸ್ವಲ್ಪ ಜಾಸ್ತಿಯಾದ್ರೂ ಬೀಳುತ್ತೆ, ಅಳತೆ ಇನ್ನೊಂದ್ಸಲ ನೋಡಿ." ಕೈಲಾಸ್ ನನ್ನ ಕಡೆ ತಿರುಗಿದ. ನಲವತ್ತು ಬಿಡುವಿದ್ದರೆ ಹೊರೆಯಿಂದ ಬೀಳಲು ಸಾಧ್ಯವಿಲ್ಲ. ಹಾಗಾದರೆ ತಪ್ಪು ಪ್ರೋಗ್ರಾಮಿನದು, ಅಂದರೆ ನಿನ್ನದು. ಹದಿನಾಲ್ಕು ಜನರ ಮುಂದೆ ನಾನು ಹೇಳಿದೆ: "ಸೇತು, ನಿನ್ನ ಕೋಡ್ ನೋಡ್ಕೋ. ಜಪ ಸುಳ್ಳು ಹೇಳಲ್ಲ." ನೀನು ಎದ್ದು ನಿಂತು, "ಜಪ ಹೇಳಲ್ಲ ಭಾವ, ಜಪ ಮಾಡಿಸೋರು ಹೇಳ್ಬೋದು" ಎಂದೆ. ನನಗೆ ಪಿತ್ತ ನೆತ್ತಿಗೇರಿತು. ಮನೆಯಲ್ಲಿ ಅನ್ನಬಾರದ ಮಾತೊಂದನ್ನು ಅಲ್ಲಿ ಅಂದೆ, ಮತ್ತೆ ಬರೆಯಲಾರೆ, ನಿನಗೆ ನೆನಪಿದೆ. ಮರುದಿನ ನೀನು ರಾಜೀನಾಮೆ ಕೊಟ್ಟೆ. ಹಾಸನದ ಕಾಲೇಜಿನಲ್ಲಿ ಪಾಠ ಹೇಳಲು ಹೊರಟ ದಿನ ಮನೆಗೆ ಬಂದು, ಅಮ್ಮನ ಕಾಲಿಗೆ ಬಿದ್ದು, ಅಕ್ಕ ಕೊಟ್ಟ ಕಾಫಿ ಕುಡಿದೆ. ನಾನು ಅಲ್ಲೇ ಪೇಪರ್ ಹಿಡಿದು ಕೂತಿದ್ದೆ. "ಬರ್ತೀನಿ" ಎಂದದ್ದೂ ಅಕ್ಕನಿಗೇ.

ಆಮೇಲಿನ ಹತ್ತೊಂಬತ್ತು ವರ್ಷ ಹೇಗೆ ಕಳೆಯಿತೋ! ಅಮ್ಮ ತೀರಿಹೋದಾಗ ನೀನು ಬಂದೆ. ಹದಿಮೂರನೇ ದಿನದ ಊಟಕ್ಕೆ ಕೊನೇ ಪಂಕ್ತಿಯಲ್ಲಿ ತಲೆ ತಗ್ಗಿಸಿ ಕೂತೆ. ನಾನು ತುಪ್ಪದ ಗಿಂಡಿ ಹಿಡಿದು ಬಡಿಸುತ್ತಾ ನಿನ್ನ ಎಲೆಯ ಮುಂದೆ ಬಂದೆ. ನೀನು ಎಲೆಯ ಮೇಲೆ ಕೈ ಅಡ್ಡ ಹಿಡಿದೆ. ಸಾಕು ಎಂದೋ, ಬೇಡ ಎಂದೋ, ಇಂದಿಗೂ ನನಗೆ ತಿಳಿಯಲಿಲ್ಲ. ಇಂಚರಳ ಮದುವೆಗೆ ಶೈಲಶ್ರೀಯನ್ನೂ ತನ್ಮಯಿಯನ್ನೂ ಕಳಿಸಿದೆ, ನೀನು ಬರಲಿಲ್ಲ. ಹುಡುಗಿಯನ್ನು ಹಸೆಮಣೆಗೆ ಕರೆತರಬೇಕಾದವನು ಸೋದರಮಾವ. ಪುರೋಹಿತರು ಮೈಕಿನಲ್ಲಿ, "ಸೋದರಮಾವ ಎಲ್ಲಪ್ಪ, ಬೇಗ ಬನ್ನಿ, ಮುಹೂರ್ತ ಮೀರ್ತಾ ಇದೆ" ಎಂದು ಮೂರು ಸಲ ಕೂಗಿದರು. ಕೊನೆಗೆ ದೂರದ ಸಂಬಂಧದ ಒಬ್ಬರನ್ನು ಹುಡುಕಿ ನಿಲ್ಲಿಸಿದೆವು, ಪಾಪ, ಅವರಿಗೆ ಹುಡುಗಿಯ ಹೆಸರೇ ಸರಿಯಾಗಿ ಗೊತ್ತಿರಲಿಲ್ಲ. ಪಂಕಜಾ ಆ ಹೊತ್ತಿಗೆ ಅಡುಗೆ ಕೋಣೆಯ ಕಡೆ ಹೋದವಳು ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು, ಹೊಗೆ ಎಂದಳು. ಈಗಿನ ಛತ್ರದಲ್ಲಿ ಗ್ಯಾಸ್ ಒಲೆ, ಎಲ್ಲಿಯ ಹೊಗೆ? ನಮ್ಮ ಮನೆಯಲ್ಲಿ ನಿನ್ನ ಹೆಸರು ಬಂದಾಗಲೆಲ್ಲ ನಾನು ಕೇಳದವನ ಹಾಗೆ ಇದ್ದುಬಿಟ್ಟೆ, ಅದೇ ರೂಢಿಯಾಯಿತು.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಶುಕ್ರವಾರ ಪಂಕಜಾಳನ್ನು ಬನಶಂಕರಿ ದೇವಸ್ಥಾನಕ್ಕೆ ನಿಂಬೆಹಣ್ಣಿನ ದೀಪ ಹಚ್ಚಲು ಕರೆದುಕೊಂಡು ಹೋಗಿದ್ದೆ. ಅಲ್ಲಿ ಸಂಗೀತಾ ಸಿಕ್ಕಿದಳು, ನಮ್ಮ ಆಫೀಸಿನ ರಿಸೆಪ್ಷನ್ನಿನಲ್ಲಿ ಕೂರುತ್ತಿದ್ದವಳು. ಕೂದಲು ಅರ್ಧ ನೆರೆತಿದೆ, ಮಾತು ಮಾತ್ರ ಅದೇ ಪಟಪಟ. ಹಳೇದೆಲ್ಲ ತೆಗೆದು, "ಸಾರ್, ಆ ವರ್ಷ ಆಯುಧಪೂಜೆ ದಿನ ಹೊಸ ಮಿಷೀನ್ ಮೇಲೆ ನಾನು ದೇವಿ ಆರತಿ ಸ್ಕ್ರೀನ್‌ಸೇವರ್ ಹಾಕಿದ್ದೆ, ಗೊತ್ತಾ? ದೇವಿ ಸುತ್ತ ನೂರೆಂಟು ದೀಪ ತಿರುಗ್ತಾ ಇರುತ್ತೆ, ಹಾಡು ಬೇರೆ. ಪೂಜೆ ಮಾಡಿದ ಮಿಷೀನು ಸುಮ್ನೆ ಕೂರಬಾರದು ಅಂತ ಹಾಕಿದ್ದೆ. ಮಾನಿಟರ್ ಆಫ್ ಮಾಡಿ ಹೋಗಿ ಅಂತ ನೀವು ಅಂದ್ರಿ, ಆಫ್ ಮಾಡ್ದೆ, ಸ್ಪೀಕರೂ ಆಫ್ ಮಾಡ್ದೆ. ಒಳಗಡೆ ಮಾತ್ರ ಮೂರು ದಿನ ಆರತಿ ಆಗ್ತಾನೇ ಇತ್ತು ಸಾರ್!" ಎಂದು ಬಿದ್ದು ಬಿದ್ದು ನಕ್ಕಳು. ನೋಡಿದೆಯಾ ಸೇತು! ಖಾಲಿ ಎಂದು ನಾನು ನಂಬಿದ ಮಿಷೀನಿನ ಒಳಗೆ ನೂರೆಂಟು ದೀಪ ತಿರುಗುತ್ತಿದ್ದವು. ಏಕಾದಶಿ ಎಂದು ನಾನು ಅಮ್ಮನ ಮಾಲೆ ಎಣಿಸಲು ಕೂತ ದಿನ ನನಗೆ ಕಾಣದಂತೆ ಹಿತ್ತಿಲ ಬಾಗಿಲಿನಿಂದ ಮನೆ ತುಂಬ ನೆಂಟರು ಬಂದ ಹಾಗಾಯಿತು. ಇಪ್ಪತ್ತು ಮಾಲೆ ಮಾಡಬಲ್ಲವಳು ಆರೇ ಮಾಡಿದಳು, ನಾನು ಅವಳ ಶಕ್ತಿಯೇ ಆರು ಎಂದು ಬರೆದುಕೊಂಡೆ. ಆಮೇಲೆ ನಿಜವಾದ ಹೊರೆಯಲ್ಲಿ ಎರಡೂವರೆ ಮಾಲೆಯಾದಾಗ, ಆರಕ್ಕೆ ಎರಡೂವರೆ, ಪರವಾಗಿಲ್ಲ, ನಲವತ್ತರಷ್ಟು ಬಿಡುವಿದೆ ಎಂದೆ. ಇಪ್ಪತ್ತಕ್ಕೆ ಎರಡೂವರೆ ಅಂದರೆ ಬಿಡುವು ನೂರಕ್ಕೆ ಹನ್ನೆರಡೂ ಚಿಲ್ಲರೆ. ಪ್ರೊಸೆಸರಿಗೆ ನಿಜವಾಗಿ ಎಂಬತ್ತೆಂಟರಷ್ಟು ಕೆಲಸವಿತ್ತು. ನೀನು ಹೇಳಿದ್ದೇ ಸರಿ. ಉಸಿರಾಡಲು ಜಾಗವಿರಲಿಲ್ಲ.

ಇದು ನನಗೆ ಹೊಳೆದದ್ದು ಮೊನ್ನೆ, ಆ ದೇವಸ್ಥಾನದ ಅಂಗಳದಲ್ಲಿ. ಸಂಗೀತಾಳನ್ನು ಬೈಯಲೇ, ದೇವಿಯನ್ನು ಬೈಯಲೇ? ಭಕ್ತಿಯಿಂದ ಮಾಡಿದ ಕೆಲಸ, ಯಾರದೂ ದುರುದ್ದೇಶವಿಲ್ಲ. ಆದರೂ ಅಳೆದವನು ನಾನು, ಹತ್ತಿರ ಹೋಗಿ ಒಂದು ಸಲ ನೋಡಬೇಕಿತ್ತು. ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಗೊತ್ತಿಲ್ಲದೆ ಆದ ತಪ್ಪು ಎಂದು ನೀನು ದೊಡ್ಡ ಮನಸ್ಸು ಮಾಡಿದರೆ, ಅಕ್ಕನಿಗೆ ಒಂದು ಫೋನ್ ಮಾಡಿ "ಇಬ್ಬರೂ ಬನ್ನಿ" ಎಂದು ಒಂದು ಮಾತು ಹೇಳು. ಕವರಿನ ಮೇಲೆ ಹೊಸದಾಗಿ ಬರೆಯುವುದೇನೂ ಬೇಡ. ನಾನು ಬಂದು ಯಾವ ಮೂಲೆಯಲ್ಲಾದರೂ ಕೂತಿರುತ್ತೇನೆ, ಬೇಕಿದ್ದರೆ ವಾಹನ ನಿಲ್ಲಿಸುವ ಕಡೆ ನಿಂತು ಬಂದವರಿಗೆ ದಾರಿ ತೋರಿಸುತ್ತೇನೆ. ಪಂಕಜಾ ಮಂಟಪದ ಹತ್ತಿರ ತನ್ನ ಜಾಗದಲ್ಲಿ ನಿಂತರೆ ಸಾಕು.

ಶೈಲಶ್ರೀಗೆ ನನ್ನ ಆಶೀರ್ವಾದ ತಿಳಿಸು. ತನ್ಮಯಿಗೂ ಅಳಿಯನಿಗೂ ನೂರು ಕಾಲ ಸುಖವಾಗಿ ಬಾಳಲಿ ಎಂದು ಹರಸಿದ್ದೇನೆ. ದೊಡ್ಡತನ ಇಲ್ಲದವನ ಹರಕೆಯಾದರೂ ವಯಸ್ಸಾದವನ ಹರಕೆ, ಫಲಿಸುತ್ತದೆ. ಅನ್ನ ಕಡಿಮೆ ಮಾಡು, ಮದುವೆ ಓಡಾಟದಲ್ಲಿ ಮಾತ್ರೆ ಮರೆಯಬೇಡ.

ಇಂತಿ ನಿನ್ನ ಭಾವ,
ಚಕ್ರಪಾಣಿ

ತಾ. ಕ.: ಸೋಮವಾರ ಬೆಳಿಗ್ಗೆ ಎಂಟು ಗಂಟೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಇನ್ನೂ ಕೆಟ್ಟದಾಗಿದೆ. ಪೋಸ್ಟ್ ಮಾಡುವ ಮೊದಲು ಪಂಕಜಾಗೆ ಇದನ್ನು ನಿನ್ನೆ ಸಂಜೆ ಓದಿ ಹೇಳಿದೆ. ಮೆಚ್ಚುತ್ತಾಳೆ ಎಂದುಕೊಂಡಿದ್ದೆ. ಪೂರ್ತಿ ಕೇಳಿ, "ಸಂಗೀತಾ ಅದನ್ನ ಹೇಳ್ದಾಗ ನಾನು ನಿಮ್ಮ ಮುಖಾನೇ ನೋಡ್ತಿದ್ದೆ. ನಿಮಗೆ ಆಶ್ಚರ್ಯಾನೇ ಆಗ್ಲಿಲ್ಲ. ಇದ್ ನಿಮಗೆ ಯಾವಾಗಿಂದ ಗೊತ್ತು?" ಎಂದು ಕೇಳಿದಳು. ಕಾಗದದ ಮೇಲೆ ಸುಳ್ಳು ಬರೆದೆ, ಅವಳ ಮುಖ ನೋಡಿ ಅದನ್ನೇ ಹೇಳಲು ಆಗಲಿಲ್ಲ, ನಿಜ ಹೇಳಿಬಿಟ್ಟೆ.

ಮೇಲೆ ಬರೆದಿರುವುದರಲ್ಲಿ "ಮೊನ್ನೆ ಹೊಳೆಯಿತು" ಎಂಬುದು ಸುಳ್ಳು ಸೇತು. ಆಯುಧಪೂಜೆಯ ರಜೆ ಮುಗಿಸಿ ಬಂದ ದಿನ ಮಾನಿಟರ್ ಹಾಕಿ ಆ ಆರತಿಯನ್ನು ನಿಲ್ಲಿಸಿದವನು ನಾನೇ. ಆಗ ತಲೆಗೆ ಹೋಗಲಿಲ್ಲ, ಅದು ನಿಜ. ಆದರೆ ಮೀಟಿಂಗಿನಲ್ಲಿ ನೀನು ಅಂದ ಮಾತು ಕೊರೆಯುತ್ತಿತ್ತು. ನೀನು ರಾಜೀನಾಮೆ ಕೊಟ್ಟ ನಾಲ್ಕನೇ ದಿನ, ಭಾನುವಾರ, ಒಬ್ಬನೇ ಲ್ಯಾಬಿಗೆ ಹೋಗಿ, ಮಿಷೀನಿನ ಎದುರಿಗೇ ಕೂತು ಖಾಲಿ ಎಣಿಕೆ ಮತ್ತೆ ತೆಗೆದೆ. ಮೂರು ಪಟ್ಟಿಗಿಂತ ಜಾಸ್ತಿ ಬಂತು. ಎಂಬತ್ತೆಂಟು ಎಂಬ ಸಂಖ್ಯೆ ನನಗೆ ಗೊತ್ತಾದದ್ದು ಅಂದು. ನಾಳೆ ಎಲ್ಲರ ಮುಂದೆ ಹೇಳೋಣ ಎಂದುಕೊಂಡೇ ಮನೆಗೆ ಹೋದೆ. ಸೋಮವಾರ ಬೆಳಿಗ್ಗೆ ಕೈಲಾಸ್ ಬಾಗಿಲಲ್ಲೇ ಕೈ ಹಿಡಿದು, "ಸ್ವಂತ ಭಾವಮೈದ ಅಂತ ನೋಡ್ದೆ ಸತ್ಯ ಹೇಳಿದ್ರಿ ಸಾರ್, ನಿಮ್ಮಂಥೋರು ಎಲ್ಲಿದ್ದಾರೆ" ಎಂದ. ನಾನು ಹಲ್ಲು ಕಿರಿದೆ. ಅಷ್ಟೇ. ಹೊಸ ಎಣಿಕೆ ಬರೆದಿದ್ದ ಹಾಳೆ ಹರಿದು ಹಾಕಿದೆ.

ಪಂಕಜಾ ಬೈಯಲಿಲ್ಲ, ಅಳಲಿಲ್ಲ. ಬೆಳಿಗ್ಗೆ ಎದ್ದು ನೋಡುತ್ತೇನೆ, ಬ್ಯಾಗು ಕಟ್ಟಿ ಆಗಿದೆ. "ನೀವಿಲ್ದೆ ಹೋಗಲ್ಲ ಅಂದಿದ್ದೆ. ಈಗ ಹೋಗ್ತೀನಿ. ಮದುವೆಗೆ ನಾಲ್ಕು ವಾರ ಇದೆ, ತಮ್ಮನ ಮನೇಲಿ ಇದ್ದು ಕೆಲಸ ಮಾಡ್ತೀನಿ. ಅವನು ಕರೆದ್ರೆ ಬನ್ನಿ" ಎಂದಳು. ಕರೆಯದಿದ್ದರೆ ಎಂದು ಕೇಳಿದೆ. "ಮನೇಲಿರಿ" ಎಂದಳು. ಬನಶಂಕರಿ ಮೆಟ್ರೋವರೆಗೆ ಹೋಗಲು ಆಟೋ ಬಂದು ನಿಂತಿದೆ, ಅಲ್ಲಿಂದ ಮೆಜೆಸ್ಟಿಕ್ಕಿಗೆ ಹೋಗಿ ಹಾಸನದ ಬಸ್ಸು ಹಿಡಿಯುತ್ತಾಳಂತೆ. ಈ ಪತ್ರವನ್ನು ಪೋಸ್ಟ್ ಮಾಡುತ್ತಿಲ್ಲ, ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಸುಳ್ಳಿನ ಹಾಳೆಗಳನ್ನು ಹರಿದು ಹೊಸದಾಗಿ ಬರೆಯೋಣ ಎಂದೆ, ಬೇಡ, ಅದೂ ಹೋಗಲಿ ಎಂದಳು. ಚೀಲ ಭಾರವಿದೆ, ನೀನೇ ಬಸ್ ಸ್ಟ್ಯಾಂಡಿಗೆ ಬಂದು ಇಳಿಸಿಕೋ.

ಆಟೋದವನು ಹಾರ್ನ್ ಹೊಡೆಯುತ್ತಿದ್ದಾನೆ. ನಿನ್ನ ನೋಟಿಸ್ ಒಂದು ತಿಂಗಳದ್ದಿತ್ತು. ನನಗೆ ಗೊತ್ತಾದಾಗ ಇನ್ನೂ ಇಪ್ಪತ್ತಾರು ದಿನ ಬಾಕಿ ಇತ್ತು. ದಿನಾ ನನ್ನ ಎದುರಿನ ಮೇಜಿನಲ್ಲೇ ಕೂತು ಕೆಲಸ ಮಾಡುತ್ತಿದ್ದೆ ನೀನು.